ಐಸ್‌ಕ್ರೀಂ ಡಬ್ಬಿ ಹೊತ್ತು ಹಬ್ಬದೂಟಕ್ಕೆ

ರುಫಿನಾ: ಇಲ್ಲ ಅಂದ್ರೆ ಇಲ್ಲ ರೀ. ಈ ಹೋಟ್ಲು ಮೆಟ್ಲು ಬಿಟ್ಟು ನಾನು ಕದಲೋದಿಲ್ಲ.

ಪಾನ್ಯೊಂಗ್: ಮೆಲ್ಲಗೆ ಕಣೇ. ಒಳಗಿರೋರು ತಿನ್ನೋದು ಬಿಟ್ಟು ನಮ್ಮನ್ನೇ ನೋಡ್ತಿದಾರೆ.

ರುಫಿನಾ: ನೋಡ್ಲಿ. ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿದಾರೆ. ನಾನು ಅಲ್ಲೇ ಕೂತು ತಿನ್ಬೇಕು.

ಪಾನ್ಯೊಂಗ್: ಬಟ್ಟೆ ತಿಂತೀಯಾ? ಬೋರ್ಡು ಓದು. ಒಂದು ಬಟ್ಲು ಸಿನಿಗಾಂಗ್ ಸಾರಿಗೆ ಮುನ್ನೂರೈವತ್ತು ಪೆಸೊ! ಹುಣಸೆಹಣ್ಣೇನು ಬಂಗಾರದ ಮರದಲ್ಲಿ ಬಿಟ್ಟಿತ್ತಾ? ಅದನ್ನೇ ನೀನು ಎಪ್ಪತ್ತಕ್ಕೆ ಮಾರ್ತೀಯ.

ರುಫಿನಾ: ಮಾರಿ ಮಾರಿ ಸಾಕಾಗಿದೆ ಅಂತಾನೇ ಹೇಳ್ತಿರೋದು!

ರುಫಿನಾ, ಲುಸೆನಾ ಪಟ್ಟಣದ ಬಸ್‌ಸ್ಟ್ಯಾಂಡಿನ ಪಕ್ಕ ಕರಿಂದೇರಿಯ ಎಂಬ ಪುಟ್ಟ ಊಟದಂಗಡಿ ನಡೆಸುವವಳು. ಹತ್ತು ಪಾತ್ರೆ ಸಾಲಾಗಿ ಇಟ್ಟಿರುತ್ತಾಳೆ. ಬಂದವರು ಒಂದೊಂದರ ಮುಚ್ಚಳ ಎತ್ತಿ, ಮೂಸಿ, ಇದು ಅರ್ಧ, ಅದು ಅರ್ಧ ಎಂದು ಬೆರಳು ತೋರಿಸುತ್ತಾರೆ, ಇವಳು ಬಡಿಸುತ್ತಾಳೆ. ಮದುವೆಯಾದ ಮರುವಾರ ಹಿಡಿದ ಸೌಟನ್ನು ಕೆಳಗಿಟ್ಟದ್ದು ಇವತ್ತೇ, ಮದುವೆಯ ಮೂವತ್ತನೆಯ ವರ್ಷ ತುಂಬಿತು ಎಂದು. ಅವಳ ಆಸೆ ಒಂದೇ. ತಾನು ಕುರ್ಚಿಯಲ್ಲಿ ಕೂತಿರಬೇಕು, ಯಾರಾದರೂ ಬಂದು 'ನಿಮಗೆ ಏನು ಬಡಿಸಲಿ?' ಎಂದು ಕೇಳಬೇಕು. ಗಂಡನೆಂಬ ಪುಣ್ಯಾತ್ಮ ಜೀಪ್ನಿ ಹತ್ತಿಸಿ ಈ ಊರಿಗೆ ಕರೆತಂದಾಗ ಅಷ್ಟಾದರೂ ಆದೀತು ಎಂದುಕೊಂಡಿದ್ದಳು.

ಪಾನ್ಯೊಂಗ್: ಬೇರೆ ಊರಲ್ಲಿ ಅಗ್ಗದ ಊಟ ಹುಡುಕೋದೂ ಒಂದು ವಿದ್ಯೆ ಕಣೇ. ಅಗ್ಗ ಯಾಕೆ, ಬಿಟ್ಟೀನೇ ಸಿಗುತ್ತೆ. ಇವತ್ತು ತಾರೀಖು ಎಷ್ಟು?

ರುಫಿನಾ: ಮೇ ಹದಿನೈದು. ಅಯ್ಯೋ ದೇವ್ರೇ! ಸಂತ ಇಸಿದ್ರೊನ ಹಬ್ಬ. ಅದಕ್ಕಾ ನನ್ನ ಇಲ್ಲಿಗೆ ಎಳ್ಕೊಂಡು ಬಂದಿದ್ದು?

ಪಾನ್ಯೊಂಗ್: ಊರ ಹಬ್ಬದ ದಿನ ಯಾವ ಮನೆಗೆ ನುಗ್ಗಿದ್ರೂ 'ಬನ್ನಿ, ಊಟ ಮಾಡಿ' ಅಂತಾರೆ. ನೀವ್ಯಾರು ಅಂತ ಕೇಳೋದೇ ಅವಮಾನ.

ರುಫಿನಾ: ನಮಗೆ ಇಲ್ಲಿ ಒಂದು ನಾಯಿಯ ಪರಿಚಯವೂ ಇಲ್ಲ.

ಪಾನ್ಯೊಂಗ್: ಉಂಡ ಮೇಲೆ ಆಗುತ್ತೆ.

ರುಫಿನಾ: ಆ ಚೀಲದಲ್ಲಿ ಏನದು, ಲೊಡಲೊಡ ಅಂತಿರೋದು?

ಪಾನ್ಯೊಂಗ್: ಏನಿಲ್ಲ.

ರುಫಿನಾ ಚೀಲ ಕಸಿದು ಬಾಯಿ ಬಿಡಿಸಿದಳು. ಒಳಗೆ ಖಾಲಿ ಐಸ್‌ಕ್ರೀಂ ಡಬ್ಬಿಗಳು ಮೂರು, ಮುಚ್ಚಳ ಸಮೇತ, ತೊಳೆದು ಒರೆಸಿ ಇಟ್ಟಂಥವು.

ರುಫಿನಾ: ಮದ್ವೆ ವಾರ್ಷಿಕೋತ್ಸವಕ್ಕೆ ಹೆಂಡ್ತಿಗೆ ಹೂವು ತರೋರನ್ನ ನೋಡಿದೀನಿ. ಡಬ್ಬಿ ತರೋ ಗಂಡ ನನ್ನ ಪಾಲಿಗೇ ಬರಬೇಕಿತ್ತು.

ಪಾನ್ಯೊಂಗ್: ಹೂವು ನಾಳೆ ಬಾಡುತ್ತೆ. ಕಾಲ್ದೆರೆತಾ ಮಾಂಸದ ಸಾರು ನಾಳೆಗೆ ಇನ್ನೂ ರುಚಿ.

ಹೊಟ್ಟೆ ಚುರುಗುಡುತ್ತಿತ್ತು, ರುಫಿನಾ ಬೈಯುತ್ತಲೇ ಹಿಂದೆ ನಡೆದಳು. ಆದರೆ ಗಂಟೆ ಎರಡಾಗಿತ್ತು. ಮೊದಲ ಮನೆಯಲ್ಲಿ ಸುಟ್ಟ ಹಂದಿಯ ಮೂಳೆ ಮಾತ್ರ ಉಳಿದಿತ್ತು. ಎರಡನೆಯದರಲ್ಲಿ ಅದನ್ನೂ ನಾಯಿ ಒಯ್ದಿತ್ತು. ಮೂರನೆಯ ಮನೆಯ ಕಿಟಕಿಯಲ್ಲಿ ಇಣುಕಿದ ಪಾನ್ಯೊಂಗ್ ಹೆಂಡತಿಯ ತೋಳು ಹಿಡಿದು ಎಳೆದ.

ಪಾನ್ಯೊಂಗ್: ನೋಡೇ! ಹಂದಿ ಇಡಿಯಾಗಿದೆ! ಕಿವಿ ಕೂಡ ಯಾರೂ ಮುರಿದಿಲ್ಲ!

ರುಫಿನಾ: ಇಷ್ಟು ಹೊತ್ತಾದ್ರೂ ಯಾರೂ ಮುಟ್ಟಿಲ್ಲ ಅಂದ್ರೆ ಏನೋ ಇದೆ ರೀ. ಎಲ್ಲರೂ ಇಸ್ತ್ರಿ ಬಟ್ಟೆ ಹಾಕಿ ಎರಡು ಸಾಲಾಗಿ ಎದುರುಬದುರು ಕೂತಿದಾರೆ.

ಪಾನ್ಯೊಂಗ್: ನಮಗೋಸ್ಕರ ಕಾಯ್ತಿದಾರೆ. ಬಾ.

ಬಾಗಿಲಲ್ಲೇ ಮನೆಯೊಡತಿ ಆಲಿಂಗ್ ಪುರಿಂಗ್ ಎದುರಾದಳು.

ಪುರಿಂಗ್: ಬನ್ನಿ ಬನ್ನಿ! ನೀವು ಅವರ ಕಡೆಯೋರಾ?

ಈ ನಾಡಿನಲ್ಲಿ ದಿಕ್ಕು ತೋರಿಸಲು ಕೈ ಬೇಕಿಲ್ಲ, ತುಟಿ ಸಾಕು. ಪಾನ್ಯೊಂಗ್ ಎದುರು ಸಾಲಿನ ಕಡೆಗೆ ತುಟಿ ಚಾಚಿದ. ಆಕೆ ನಕ್ಕು ಕುರ್ಚಿ ಕೊಟ್ಟಳು. ಎದುರು ಸಾಲಿನ ಹಿರಿಯ ಮಾಂಗ್ ತೆರೊಯ್ ಎದ್ದು ಬಂದ.

ತೆರೊಯ್: ನೀವು ಪುರಿಂಗ್ ಅವರ ಕಡೆಯೋರು, ಅಲ್ವಾ?

ಪಾನ್ಯೊಂಗನ ತುಟಿ ಈಗ ಪುರಿಂಗಳ ಕಡೆಗೆ ಹೊರಳಿತು. ತೆರೊಯ್ ಕೈ ಕುಲುಕಿ ಹೋಗಿ ನಡುಮನೆಯಲ್ಲಿ ನಿಂತು, ಗಂಟಲು ಸರಿಮಾಡಿಕೊಂಡ.

ತೆರೊಯ್: ಹಬ್ಬಕ್ಕೆ ಎಲ್ಲರೂ ಊರಲ್ಲಿರ್ತಾರೆ ಅಂತ ಇವತ್ತೇ ಬಂದ್ವಿ. ನಮ್ಮ ಹುಡುಗನಿಗೆ ನಿಮ್ಮ ಮಗಳನ್ನ ಕೊಡಿ ಅಂತ ಕೇಳೋಕೆ, ಹಂದಿ ಸಮೇತ ಬಂದಿದೀವಿ.

ರುಫಿನಾ: (ಪಿಸುದನಿಯಲ್ಲಿ) ಮಾನಗೆಟ್ಟೋರೇ! ಇದು ಹಬ್ಬದೂಟ ಅಲ್ಲ, ಹೆಣ್ಣು ಕೇಳೋ ಶಾಸ್ತ್ರ!

ಪಾನ್ಯೊಂಗ್: ಶಾಸ್ತ್ರ ಅವರದು. ಹಂದಿ ಎಲ್ಲರದು.

ರುಫಿನಾ: ಏಳಿ ಮೇಲೆ!

ಪಾನ್ಯೊಂಗ್: ಈಗೆದ್ರೆ ಅಪಶಕುನ ಅಂತಾರೆ ಕಣೇ. ಕೂತ್ಕೋ.

ಹುಡುಗಿಯ ಕಡೆಯವರು ಒಪ್ಪಿದರು, ದಿನವೂ ಗೊತ್ತಾಯಿತು. ಪಾನ್ಯೊಂಗ್ ಡಬ್ಬಿಯ ಮುಚ್ಚಳ ಸಡಿಲಿಸುವಷ್ಟರಲ್ಲಿ ಜಗಳ ಹತ್ತಿತು, ಮದುವೆಗೆ ಯಾರು ನಿನೊಂಗ್, ಯಾರು ನಿನಾಂಗ್ ಎಂದು. ಮದುಮಕ್ಕಳಿಗೆ ಧರ್ಮದ ಅಪ್ಪ-ಅಮ್ಮ ಆಗುವವರು ಅವರು.

ತೆರೊಯ್: ಐದು ಜೋಡಿ ನಿಮ್ಮದು, ಐದು ನಮ್ಮದು. ಹನ್ನೊಂದನೇದು ನಮ್ಮ ಕಡೆಯದೇ ಆಗ್ಬೇಕು.

ಪುರಿಂಗ್: ಹಂದಿ ತಂದ್ರಿ ಅಂತ ನಮ್ಮನೇಲೇ ದರ್ಬಾರು ಮಾಡ್ತೀರಾ? ಅದು ನಮ್ಮ ಕಡೆಯದೇ!

ತೆರೊಯ್: ಹಾಗಾದ್ರೆ ಹಂದಿ ವಾಪಸ್!

ಪಾನ್ಯೊಂಗ್: (ಗಾಬರಿಯಿಂದ ಎದ್ದು) ಬೇಡ ಬೇಡ! ಹಂದಿಗೆ ಯಾಕೆ ಶಿಕ್ಷೆ? ಸಂಸಾರ ಅಂದ್ಮೇಲೆ ಸೋತು ಗೆಲ್ಬೇಕು. ನಮ್ಮನ್ನೇ ನೋಡಿ, ಇವತ್ತಿಗೆ ಸರಿಯಾಗಿ ಮೂವತ್ತು ವರ್ಷ!

ಪುರಿಂಗ್ ಎದೆಯ ಮೇಲೆ ಶಿಲುಬೆ ಬರೆದುಕೊಂಡಳು.

ಪುರಿಂಗ್: ಇವತ್ತಿಗೇ ಮೂವತ್ತು? ನಮ್ಮ ಮಗಳಿಗೆ ಇಂಥ ನಿನೊಂಗ್ ಬೇಕು! ಇವರು ನಿಮ್ಮ ಕಡೆಯೋರೇ ಆದ್ರೂ ಪರವಾಗಿಲ್ಲ.

ತೆರೊಯ್: ನಮ್ಮ ಕಡೆಯೋರಾ? ನಿಮ್ಮವರಲ್ವಾ?

ನಿನೊಂಗ್ ಎಂದರೆ ಮದುವೆಗೆ ಹಣ ತುಂಬಿದ ದಪ್ಪ ಲಕೋಟೆ, ಆಮೇಲೆ ಮಗುವಿನ ನಾಮಕರಣಕ್ಕೊಂದು, ಸಾಯುವ ತನಕ ಪ್ರತಿ ಕ್ರಿಸ್‌ಮಸ್ಸಿಗೂ ಕೈ ಮುಟ್ಟಿ ನಮಸ್ಕರಿಸಿ ಬಾಗಿಲಲ್ಲಿ ನಿಲ್ಲುವ ಸಂತಾನಕ್ಕೆ ಒಂದೊಂದು. ಪಾನ್ಯೊಂಗನ ಮುಖ ಬೂದಿಯಾಯಿತು. ಮಾನ ಹೋದರೂ ಸರಿ, ಜೇಬು ಉಳಿಯಲಿ ಎಂದು ನಿಜ ಕಕ್ಕಿಬಿಟ್ಟ.

ಪಾನ್ಯೊಂಗ್: ತಪ್ಪಾಯ್ತು ಸ್ವಾಮಿ. ನಾವು ಆ ಕಡೆಯೋರೂ ಅಲ್ಲ, ಈ ಕಡೆಯೋರೂ ಅಲ್ಲ. ಬಿಟ್ಟಿ ಊಟಕ್ಕೆ ನುಗ್ಗಿದವರು. ಇಗೋ ಡಬ್ಬಿ, ಸಾಕ್ಷಿಗೆ. ಒದ್ದು ಆಚೆಗೆ ಹಾಕಿ.

ತೆರೊಯ್ ಪುರಿಂಗಳ ಮುಖ ನೋಡಿದ. ಪುರಿಂಗ್ ತೆರೊಯ್‌ನ ಮುಖ ನೋಡಿದಳು.

ತೆರೊಯ್: ಯಾರ ಕಡೆಯೋರೂ ಅಲ್ಲ!

ಪುರಿಂಗ್: ಜಗಳವೇ ಇಲ್ಲ! ಸಂತ ಇಸಿದ್ರೊನೇ ಕಳಿಸಿದಾನೆ!

ಪಾನ್ಯೊಂಗ್: ಅಯ್ಯೋ, ಅವನು ಕಳಿಸಿಲ್ಲ, ನಾನೇ ಬಂದಿದ್ದು!

ತೆರೊಯ್: ಒಲ್ಲೆ ಅನ್ಬಾರ್ದು. ಅಂದ್ರೆ ಮಕ್ಕಳಿಗೆ ಕೇಡು.

ಪಾನ್ಯೊಂಗ್ ಕಡೆಯ ಆಸರೆಯೆಂಬಂತೆ ಹೆಂಡತಿಯ ಕಡೆ ತಿರುಗಿ, ಬೇಡವೆನ್ನು ಎಂದು ಕಣ್ಣಿನಲ್ಲೇ ಗೋಗರೆದ. ಅಷ್ಟರಲ್ಲಿ ಮದುಮಗಳು ಒಂದು ತಟ್ಟೆ ಹಿಡಿದು ರುಫಿನಾಳ ಬಳಿ ಬಂದು ಬಗ್ಗಿದಳು.

ಮದುಮಗಳು: ನಿನಾಂಗ್, ಆಗಿನಿಂದ ಹಸ್ಕೊಂಡು ಕೂತಿದೀರ. ನಿಮಗೆ ಏನು ಬಡಿಸ್ಲಿ?

ಮೂವತ್ತು ವರ್ಷದಲ್ಲಿ ರುಫಿನಾ ಈ ಮಾತನ್ನು ಎಷ್ಟು ಸಾವಿರ ಜನರನ್ನು ಕೇಳಿದ್ದಳೋ. ಅವಳನ್ನು ಯಾರೂ ಕೇಳಿರಲಿಲ್ಲ. ಅವಳಿಗೆ ಅಳು ಬಂತು, ಸಂತೋಷವೂ ಆಯಿತು. ಸೆರಗಿಲ್ಲದ ಉಡುಪಾದ್ದರಿಂದ ಗಂಡನ ಅಂಗಿಯ ತೋಳಿನಲ್ಲೇ ಕಣ್ಣೊರೆಸಿಕೊಂಡಳು.

ರುಫಿನಾ: ನಾನು ನಿನ್ನ ನಿನಾಂಗ್ ಕಣೇ ಮಗಳೇ. ಇವರು ನಿನ್ನ ನಿನೊಂಗ್. ಒಪ್ಕೊಂಡ್ವಿ. ಈಗ ಹಂದಿಯ ಗರಿಗರಿ ಚರ್ಮ ಹಾಕು. ಕಾಲ್ದೆರೆತಾ ಹಾಕು. ಎಲ್ಲಾ ಪೂರ್ತಿ, ಅರ್ಧ ಬೇಡ.

ಜನ ಚಪ್ಪಾಳೆ ತಟ್ಟಿದರು. ಗಂಡಹೆಂಡಿರನ್ನು ದೊಡ್ಡ ಮೇಜಿಗೆ ಕರೆದೊಯ್ದು ಕೂರಿಸಿದರು. ಅದರ ಮೇಲೆ ಬಿಳಿ ಬಟ್ಟೆ ಹಾಸಿತ್ತು. ರುಫಿನಾ ಅದರ ಅಂಚನ್ನು ಒಮ್ಮೆ ಸವರಿ ಊಟಕ್ಕೆ ಕೈ ಹಾಕಿದಳು. ಪಾನ್ಯೊಂಗನ ತಟ್ಟೆಯಲ್ಲಿ ಹಂದಿಯ ಇಡೀ ಕಿವಿ ಬಿದ್ದಿತ್ತು. ಅದನ್ನು ನೋಡುತ್ತ ಕೂತ.

ಪಾನ್ಯೊಂಗ್: (ಮೆಲ್ಲಗೆ) ಆ ಹೋಟ್ಲು ಇನ್ನೂ ತೆಗ್ದಿರುತ್ತೇನೇ? ಮುನ್ನೂರೈವತ್ತು ಅಂಥ ಜಾಸ್ತಿ ಏನಲ್ಲ.

ರುಫಿನಾ: ಸುಮ್ನೆ ತಿನ್ರಿ, ನಿನೊಂಗ್. ಇಷ್ಟು ದುಬಾರಿ ಊಟ ಈ ದೇಶದಲ್ಲಿ ಇನ್ನೆಲ್ಲೂ ಸಿಗಲ್ಲ.