ಚಾದರ ಹೊದ್ದ ಸೂರ್ಯ

ಗುರುಸಿದ್ಧನ ಸಂಕಟ ಶುರುವಾದದ್ದು ಪಕ್ಕದ ಮನೆಯ ಟಿವಿಯಿಂದ.

ವಳಸಂಗದ ತನ್ನ ಮನೆಯ ಮಾಳಿಗೆಯ ಮೇಲೆ ಅವನು ಸೋಲಾರ್ ಹಾಕಿಸಿದ್ದ. ಹಗಲೆಲ್ಲ ಕರೆಂಟು ಹುಟ್ಟುತ್ತಿತ್ತು. ಆದರೆ ಹಗಲು ಅವನು ಸೊಲ್ಲಾಪುರದ ಚಾದರ ಕಾರಖಾನೆಯಲ್ಲಿ ಸುಪರ್‌ವೈಜರ್. ಮನೆಯಲ್ಲಿ ಹೆಂಡತಿ ಸುಗಲಾಬಾಯಿ ಒಬ್ಬಳೇ, ಅವಳು ಫ್ಯಾನು ಹಚ್ಚುವುದೂ ಅಪರೂಪ. ಮಿಕ್ಕ ಕರೆಂಟು ಮೀಟರು ದಾಟಿ ತಂತಿ ಹತ್ತಿ, ಎಲ್ಲಿ ಹತ್ತಿರದಲ್ಲಿ ಬಳಕೆಯಿದೆಯೋ ಅಲ್ಲಿಗೆ, ಅಂದರೆ ಪಕ್ಕದ ಸೋಮೇಶನ ಮನೆಗೆ ಹೋಗುತ್ತಿತ್ತು. "ಕಾಕಾ, ಇವತ್ತ ನಿಮ್ಮ ಬಿಸಲಾಗ ಎರಡ ಮ್ಯಾಚ್ ನೋಡಿದೆ ನೋಡ್ರಿ," ಎಂದು ಆ ತರುಣ ಒಮ್ಮೆ ಹಲ್ಲು ಕಿರಿದಿದ್ದ. ಕರೆಂಟು ಕಂಪನಿಯವರು ಅದನ್ನೆಲ್ಲ ಬಿಲ್ಲಿನಲ್ಲಿ ಲೆಕ್ಕಕ್ಕೆ ಹಿಡಿಯುತ್ತಾರೆ ಎಂದು ತಿಳಿದವರು ಹೇಳಿದರೂ ಗುರುಸಿದ್ಧನ ಹೊಟ್ಟೆ ತಣ್ಣಗಾಗಲಿಲ್ಲ. ಲೆಕ್ಕ ಬೇರೆ, ಟಿವಿ ಬೇರೆ. ಅಂದೇ ಅವನು ತನ್ನ ಬಿ.ಎಸ್ಸಿ. ಪದವಿಯ ಧೂಳು ಕೊಡವಿದ.

ಕರೆಂಟು ಕೂಡಿಡುವ ಬ್ಯಾಟರಿಯ ಬೆಲೆ ಕೇಳಿ ಬಾಯಿ ಒಣಗಿತು. ಒಣಗಿದ ಬಾಯಿಗೆ ನೀರು ಸುರಿದುಕೊಳ್ಳುವಾಗ ಹೊಳೆಯಿತು: ಶಾಖವನ್ನು ನೀರಿನಷ್ಟು ಜಿಪುಣತನದಿಂದ ಹಿಡಿದಿಟ್ಟುಕೊಳ್ಳುವ ಅಗ್ಗದ ಪದಾರ್ಥ ಇನ್ನೊಂದಿಲ್ಲ. ಮಿಕ್ಕ ಕರೆಂಟಿನಿಂದ ಹಗಲು ನೀರು ಕಾಯಿಸುವುದು, ರಾತ್ರಿ ಬೆಚ್ಚಗೆ ಹೊದಿಸಿಡುವುದು, ಬೆಳಿಗ್ಗೆ ಸ್ನಾನಕ್ಕೆ ಬಿಡುವುದು. ವಿಚಾರ ತಪ್ಪೇನೂ ಇರಲಿಲ್ಲ. ವಿಚಾರಗಳು ಸಾಮಾನ್ಯವಾಗಿ ತಪ್ಪಿರುವುದಿಲ್ಲ, ಪಾತ್ರೆ ತಪ್ಪಿರುತ್ತದೆ.

ಮೊದಲು ತಂದ ಪ್ಲಾಸ್ಟಿಕ್ ಡ್ರಮ್ಮು ಮೂರನೆಯ ಮಧ್ಯಾಹ್ನಕ್ಕೇ ಮೆತ್ತಗಾಗಿ, ಹಬ್ಬದೂಟ ಉಂಡ ಬೀಗರ ಹಾಗೆ ಒಂದು ಮಗ್ಗುಲಿಗೆ ವಾಲಿತು. ಆಗ ಶ್ರಾವಣ. ಸುಗಲಾಬಾಯಿ ಕರಜಗಿಯ ತವರಿಗೆ ಹೋಗಿದ್ದಳು. ಬಚ್ಚಲಿನ ಮೂಲೆಯಲ್ಲಿ ಅವಳ ತವರಿನವರು ಲಗ್ನದಲ್ಲಿ ಕೊಟ್ಟ ತಾಮ್ರದ ಹಂಡೆ ಕೂತಿತ್ತು. ಎಂಥ ಹಂಡೆ! ಕುರಿಮರಿ ಬಿದ್ದರೆ ಈಜಬೇಕು, ಅಷ್ಟು ದೊಡ್ಡದು. ಗುರುಸಿದ್ಧ ಅದನ್ನು ನೋಡಿದ. ಹಂಡೆಯೂ ಅವನನ್ನು ನೋಡಿದಂತಾಯಿತು. ಎರಡು ದಿನ ಧೈರ್ಯ ತಂದುಕೊಂಡು ಮೂರನೆಯ ದಿನ ಡ್ರಿಲ್ ತಂದ. ನೀರು ಕಾಯಿಸುವ ಕರೆಂಟಿನ ಕಾಯಿಲ್ಲಿಗೊಂದು ತೂತು, ಬಚ್ಚಲಿಗೆ ಇಳಿಯುವ ಪೈಪಿಗೊಂದು ತೂತು.

ಹಂಡೆ ಮಾಳಿಗೆ ಏರಿತು. ದುಂಡು ತಳಕ್ಕೆ ಮೂರು ಕಲ್ಲು ಬಿಟ್ಟು ಬೇರೆ ಆಸನ ಒಗ್ಗಲಿಲ್ಲವಾಗಿ ಮೂರು ಕಲ್ಲಿನ ಮೇಲೆಯೇ ಕೂತಿತು. ಕೆಳಗೆ ಜೋಳದ ಹೊಟ್ಟಿನ ಚೀಲ ತುರುಕಿದ. ಸುತ್ತ ಕಾರಖಾನೆಯಲ್ಲಿ ನೇಯ್ಗೆ ತಪ್ಪಿ ಉಳಿದ ಚಾದರಗಳನ್ನು ಒಂದರ ಮೇಲೊಂದು ಸುತ್ತಿ ಬಿಗಿದ. ಅದಕ್ಕೆ 'ಉಷ್ಣದ ಬ್ಯಾಂಕು' ಎಂದು ಹೆಸರನ್ನೂ ಇಟ್ಟ.

"ಒಳಗ ಎಂಥಾದ್ದೈತ್ರಿ?" ತವರಿನಿಂದ ಬಂದ ಸುಗಲಾಬಾಯಿ ಕೇಳಿದಳು.

"ಸ್ಟೀಲಿನ ಟಾಕಿ. ಪುಣಾದಿಂದ ತರಿಸೀನಿ."

"ಮತ್ತ ನನ್ನ ಹಂಡೆ?"

"ಅಟ್ಟದ ಮ್ಯಾಲ ಗೋಣಿಚೀಲದಾಗ ಕಟ್ಟಿ ಇಟ್ಟೀನಿ. ಧೂಳು ಸುದ್ದಾ ಹತ್ತಂಗಿಲ್ಲ."

ಗೋಣಿಚೀಲದಲ್ಲಿ ವಾಲಿದ ಡ್ರಮ್ಮು ಇತ್ತು. ದೀಪಾವಳಿಯ ನೀರು ತುಂಬುವ ಹಬ್ಬದ ದಿನ, ಹಂಡೆ ಇಳಿಸುವ ಮಾತು ಬಂದಾಗ, "ಹಂಡೆ ಆದ್ರೇನು ನಳಾ ಆದ್ರೇನು, ನೀರು ಕೊಡೋದ ಗಂಗವ್ವ," ಎಂದು ನಳಕ್ಕೇ ದಾರ ಸುತ್ತಿಸಿ, ಕುಂಕುಮ ಹಚ್ಚಿಸಿ ಪಾರಾದ.

ಉಳಿದದ್ದು ಭಾವುಬೀಜ. ಅಣ್ಣ ತಂಗಿಯ ಮನೆಗೆ ಬರುವ ದಿನ. ತಂಗಿ ಎಣ್ಣೆ ಹಚ್ಚಿ, ಸುಡುಸುಡು ನೀರು ಹಾಕಿ, ಆರತಿ ಎತ್ತುವ ದಿನ. ಸುಗಲಾಬಾಯಿಯ ಅಣ್ಣ ಅಣ್ಣಾರಾಯ ಬಿಸಿನೀರಿನ ವಿಷಯದಲ್ಲಿ ಕಟ್ಟುನಿಟ್ಟಿನ ಮನುಷ್ಯ. ಮೈ ಕೆಂಪಾಗದಿದ್ದರೆ ಅದನ್ನು ಸ್ನಾನವೆಂದು ಒಪ್ಪುತ್ತಿರಲಿಲ್ಲ.

"ನೋಡ್ರಿ," ಎಂದಳು ಸುಗಲಾಬಾಯಿ ಬೆಳಿಗ್ಗೆಯೇ, "ನಮ್ಮಣ್ಣಗ ಉಗರ ಬೆಚ್ಚಗಿನ ನೀರು ಬಂತೋ, ನಾನ ಅಟ್ಟ ಹತ್ತಿ ಹಂಡೆ ಇಳಸ್ತೀನಿ. ಒಲಿ ಹಚ್ತೀನಿ. ನಿಮ್ಮ ಬ್ಯಾಂಕಿಗಿ ಕೀಲಿ."

ಗುರುಸಿದ್ಧ ಮಾಳಿಗೆಗೆ ಓಡಿ ಉಷ್ಣಮಾಪಕ ಅದ್ದಿದ. ನಿನ್ನೆಯ ಬಿಸಿಲು ಹಂಡೆಯಲ್ಲಿ ಹಾಗೇ ಇತ್ತು, ಕೈ ಅದ್ದುವಂತಿರಲಿಲ್ಲ. ಪರೀಕ್ಷೆಯಲ್ಲಿ ಮೊದಲ ನಂಬರು ಬಂದವನ ಮುಖ ಹೊತ್ತು ಕೆಳಗಿಳಿದ. ಅಟ್ಟ ಹತ್ತುವ ಪ್ರಸಂಗ ತಪ್ಪಿತು.

ಕೆಳಗೆ ಎದುರು ಮನೆಯ ರತ್ನಾಬಾಯಿ ಬಕೆಟ್ಟು ಹಿಡಿದು ನಿಂತಿದ್ದಳು.

"ಗುರುಸಿದ್ಧ, ನಿನ್ನ ಬ್ಯಾಂಕಿನಾಗ ಒಂದ ಬಕೀಟ ನೀರು ಕೊಡಪಾ. ಭಂಡಾರಕವಠೆಯಿಂದ ನಮ್ಮ ತಮ್ಮ ಬಂದಾನ. ನಮ್ಮ ಗ್ಯಾಸ ಇವತ್ತ ಮುಗಿಬೇಕೇನು!"

"ಕಾಕು, ನಮ್ಮ ಅಣ್ಣಾರಾಯರು ಇನ್ನೂ..."

"ಕೊಡ್ರಿ," ಎಂದಳು ಸುಗಲಾಬಾಯಿ ಒಳಗಿನಿಂದ. "ಹಬ್ಬದ ದಿವ್ಸ ನೀರಿಗಿ ಇಲ್ಲ ಅಂತಾರೇನು?" ಗಂಡನ ಯಂತ್ರದ ಬಗ್ಗೆ ಮನೆಯೊಳಗೆ ಅವಳಿಗೆ ಎಷ್ಟು ಅನುಮಾನವೋ, ಓಣಿಯ ಮುಂದೆ ಅಷ್ಟೇ ಅಭಿಮಾನ.

ಓಣಿಯಲ್ಲಿ ಅಕ್ಕತಂಗಿಯರಿಗೆ ಬರವಿರಲಿಲ್ಲ, ಅವರ ಅಣ್ಣತಮ್ಮಂದಿರಿಗೂ ಇರಲಿಲ್ಲ. ರತ್ನಾಬಾಯಿಯ ಬಕೆಟ್ಟಿನಿಂದ ಎದ್ದ ಹಬೆ ನೋಡಿ ಇನ್ನೊಬ್ಬಳು ಕೊಡ ತಂದಳು, ಮತ್ತೊಬ್ಬಳು ಭೋಗುಣಿ ತಂದಳು. ಸೋಮೇಶನಂತೂ ಅನುಮತಿಯನ್ನೇ ಕೇಳಲಿಲ್ಲ. "ಹಗಲ ಕರೆಂಟ ನಮ್ಮನಿಗಿ ಬರ್ತಿತ್ತಲ್ರಿ ಕಾಕಾ, ಈಗ ನೀವು ಅದನ್ನ ತಡದೀರಿ. ನಮ್ಮ ಪಾಲು ನೀರಿನಾಗರ ಕೊಡ್ರಿ," ಎಂದು ಎರಡು ಬಕೆಟ್ಟು ತುಂಬಿಕೊಂಡ.

ಒಂದು ಬಕೆಟ್ಟು ಬಿಸಿನೀರು ಹೊರಬಂದರೆ ಮಾಳಿಗೆಯ ಮೇಲಿನ ತಣ್ಣೀರಿನ ಟಾಕಿಯಿಂದ ಒಂದು ಬಕೆಟ್ಟು ನೀರು ಹಂಡೆಗೆ ಇಳಿಯುವಂತೆ ಗುರುಸಿದ್ಧನೇ ಜೋಡಿಸಿದ್ದ. ಯಂತ್ರ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತಿದೆ ಎಂಬುದನ್ನು ಅವನು ಕಣ್ಣಾರೆ ನೋಡಿದ. ಮತ್ತೆ ಅದ್ದಿದಾಗ ಉಷ್ಣಮಾಪಕ ಜ್ವರ ಬಿಟ್ಟ ಮಗುವಿನ ಹಾಗೆ ಶಾಂತವಾಗಿತ್ತು.

ಆದರೂ ಅವನು ಎದೆಗುಂದಲಿಲ್ಲ. ಬಿಸಿಲೇರುತ್ತಿತ್ತು. ಅಣ್ಣಾರಾಯ ಕರಜಗಿಯಿಂದ ಬರಲು ಇನ್ನೂ ಹೊತ್ತಿತ್ತು. ಪ್ಯಾನಲ್ಲುಗಳು ಮೈಮುರಿದು ಎದ್ದವು, ಕಾಯಿಲ್ಲಿನ ಪೆಟ್ಟಿಗೆಯ ಮೇಲೆ ಹಸಿರು ದೀಪ ಹತ್ತಿತು. ಗುರುಸಿದ್ಧ ಅದಕ್ಕೆ ಕೈ ಮುಗಿಯುವವನಿದ್ದ. ಅಷ್ಟರಲ್ಲಿ ದೀಪ ಹೋಯಿತು. ಕೆಳಗೆ ಸೋಮೇಶನ ಟಿವಿಯೂ ಬಾಯಿ ಮುಚ್ಚಿತು. ಊರಿನ ಲೈಟು ಹೋಗಿತ್ತು.

ಸೋಮೇಶ ಮಾಳಿಗೆ ಹಾರಿ ಬಂದ. "ಕಾಕಾ, ಊರಾಂದು ಹೋತು, ಬರೋಬರ್. ನಿಮ್ದ ಯಾಕ ಹೋತು? ಸೂರ್ಯಾ ಅಲ್ಲೇ ಅದಾನಲ್ರಿ!"

"ಊರ ಕರೆಂಟ ಹೋದ್ರ ಇದೂ ತಾನ ಬಂದ್ ಆಗ್ತೈತೋ. ಇಲ್ಲಂದ್ರ ತಂತಿ ರಿಪೇರಿ ಮಾಡಾಂವಗ ಶಾಕ್ ಹೊಡೀತೈತಿ."

"ಅಂದ್ರ ನಿಮ್ಮ ಸೂರ್ಯಾ ಸುದ್ದಾ ಕಂಪನಿ ಪರ್ವಾನಗಿ ತಗೊಂಡ ಕೆಲಸ ಮಾಡ್ತಾನ?"

ಗುರುಸಿದ್ಧ ಆರಿದ ದೀಪವನ್ನು ಬೆರಳಿನಿಂದ ತಟ್ಟಿ ನೋಡಿದ. ವೈಜ್ಞಾನಿಕವಾಗಿ ಸರಿಯಾದ ಉತ್ತರ 'ಹೌದು' ಎಂಬುದೇ ಆಗಿತ್ತು.

"ಇಲ್ರಿ ಕಾಕಾ, ಒಳಗ ಏನರ ಲೂಜ್ ಆಗಿರಬೇಕು. ಚಾದರ ಬಿಚ್ಚಿ ನೋಡೂಣು," ಎಂದು ಸೋಮೇಶ ಹಗ್ಗಕ್ಕೆ ಕೈ ಹಾಕಿದ.

ಗುರುಸಿದ್ಧ ಓಡಿಹೋಗಿ ಹಂಡೆಯನ್ನು ಎರಡೂ ತೋಳಿನಲ್ಲಿ ತಬ್ಬಿಕೊಂಡ. "ಬಿಚ್ಚಬ್ಯಾಡ! ಶಾಖ ಹಾರಿ ಹೋಗ್ತೈತಿ!"

ಎದುರು ಮಾಳಿಗೆಯಿಂದ ರತ್ನಾಬಾಯಿ ಕೂಗಿದಳು: "ಯಾಕೋ ತಮ್ಮಾ, ಹೊಸಾ ಹೇಣ್ತೀನ ಹಿಡ್ಕೊಂಡಂಗ ಹಿಡ್ಕೊಂಡೀ? ಇರೂವಾಕಿ ಕೆಳಗ ಅದಾಳ ನೋಡು!"

ಇರುವಾಕೆ ಕೆಳಗಿನಿಂದಲೇ ಹೊಸ ಫರ್ಮಾನು ಹೊರಡಿಸಿದಳು: "ಸೋಮೇಶ, ಮ್ಯಾಲ ಸುತ್ತಿದ ಕೆಂಪ ಚಾದರ ಬಿಚ್ಚಿ ತಾರೋ. ಛಲೋ ಐತಿ ಅದು. ಅಣ್ಣಗ ಹೊದಿಸಿ ಆಹೇರಿ ಮಾಡಾಕ ಬೇಕು!"

ಕೆಂಪು ಚಾದರ ಹೋದರೆ ಹಂಡೆಯ ಕಂಠ ಕಾಣುತ್ತಿತ್ತು. ಕಂಠದ ಸುತ್ತ ಮಾವನ ಹೆಸರು ಕೊರೆದಿತ್ತು. ಗುರುಸಿದ್ಧ ಸೋಮೇಶನನ್ನೂ ಎಳೆದುಕೊಂಡು ಕೆಳಗೆ ಓಡಿ, ತಾನು ಹೊದೆಯುವ ಹೊಸ ಚಾದರವನ್ನೇ ಮಡಿಚಿ ಹೆಂಡತಿಯ ಕೈಗಿಟ್ಟ. "ಅಣ್ಣಾರಾಯರಿಗೆ ಹಳೇದು ಕೊಡ್ತಾರೇನು? ಇದು ತಗೋ." ಸುಗಲಾಬಾಯಿ ಬೆರಗಾಗಿ ನೋಡಿದಳು. ತನ್ನ ತವರಿನ ಮೇಲೆ ಗಂಡನಿಗೆ ಇಷ್ಟು ಪ್ರೀತಿ ಉಕ್ಕಿದ್ದನ್ನು ಅವಳು ಈವರೆಗೆ ಕಂಡಿರಲಿಲ್ಲ.

ಆ ಹೊತ್ತಿಗೆ ಬಾಗಿಲಲ್ಲಿ ಪಿಕಪ್ಪು ನಿಂತಿತು. ಅಣ್ಣಾರಾಯ ಇಳಿದ. ಮೀಸೆ ಮೊದಲು ಇಳಿಯಿತು, ಅವನು ಆಮೇಲೆ. ತಂಗಿಯ ಗಂಡನನ್ನು ಅವನು ಆ ಕಡೆಯ ರೂಢಿಯಂತೆ ದಾಜಿ ಎನ್ನುತ್ತಿದ್ದ.

"ಏನ್ ದಾಜಿ, ನಿಮ್ಮ ಸೂರ್ಯಾನ ಡಬ್ಬಿದಾಗ ತುಂಬೀರಂತ? ಕರಜಗಿ ತನಕಾ ಸುದ್ದಿ ಬಂದೈತಿ. ಬೆಳಿಗ್ಗಿಂದ ನೀರು ಮುಟ್ಟಿಲ್ಲ ನಾನು. ಇಲ್ಲೇ ಜಳಕ."

"ಬರ್ರಿ, ಬರ್ರಿ. ಮೊದಲ ಚಹಾ ಕುಡೀರಿ. ಎಣ್ಣಿ ಛಲೋತ್ನಾಗ ಮೈಯಾಗ ಇಳೀಲಿ. ಗಡಬಡ ಬ್ಯಾಡ," ಎಂದು ಗುರುಸಿದ್ಧ ಮೆಟ್ಟಿಲಿನ ಕಡೆ ಹಿಂದಕ್ಕೆ ಹಿಂದಕ್ಕೆ ಸರಿದ.

ಹಂಡೆಯಲ್ಲಿ ಬೆರಳು ಅದ್ದಿದ. ಎಮ್ಮೆ ಮೈ ತೊಳೆಯಲು ಅಡ್ಡಿಯಿರಲಿಲ್ಲ, ಅಣ್ಣಾರಾಯನಿಗೆ ಸಾಲುವಂತಿರಲಿಲ್ಲ. ಲೈಟು ಬರುವ ಲಕ್ಷಣವಿಲ್ಲ. ಕೆಳಗೆ ಸುಗಲಾಬಾಯಿ ಎಣ್ಣೆಯ ಬಟ್ಟಲು ಹಿಡಿದು, ಅಟ್ಟದ ಕಡೆಗೊಂದು ಕಣ್ಣಿಟ್ಟು ಕೂತಿದ್ದಳು.

ಮಾಳಿಗೆಯ ಮೂಲೆಯಲ್ಲಿ ಹೋದ ವರ್ಷದ ತೊಗರಿ ಕಟ್ಟಿಗೆ ಒಟ್ಟಿತ್ತು.

ಗುರುಸಿದ್ಧ ಆ ಕಡೆ ನೋಡಿದ, ಪ್ಯಾನಲ್ಲುಗಳ ಕಡೆ ನೋಡಿದ. ಪ್ಯಾನಲ್ಲುಗಳು ನಾಚಿಕೆಯಿಲ್ಲದೆ ಮಿಂಚುತ್ತಿದ್ದವು. ಕೊನೆಗೆ ಹಂಡೆಯ ಕೆಳಗಿನ ಹೊಟ್ಟಿನ ಚೀಲ ಎಳೆದು ಹಾಕಿ, ಚಾದರಗಳ ಅಂಚು ಸೀರೆ ಎತ್ತಿ ಕಟ್ಟಿದ ಹಾಗೆ ಮೇಲೆ ಕಟ್ಟಿ, ಮೂರು ಕಲ್ಲಿನ ನಡುವೆ ಕಟ್ಟಿಗೆ ತುರುಕಿ ಕಡ್ಡಿ ಗೀರಿದ. ಸೂರ್ಯಶಕ್ತಿಯ ಶೇಖರಣೆ ಅಡೆತಡೆಯಿಲ್ಲದೆ ಮುಂದುವರಿಯಿತು.

ತೊಗರಿ ಕಟ್ಟಿಗೆ ಜೋರಾಗಿ ಉರಿದು ಬೇಗ ತೀರಿತು. ಪಾಡ್ಯದ ದಿನ ಸುಗಲಾಬಾಯಿ ಪೂಜೆಗೆಂದು ಸಗಣಿಯಲ್ಲಿ ಮಾಡಿ ಮಾಳಿಗೆಯ ಮೇಲೆ ಒಣಗಲಿಟ್ಟ ಪಾಂಡವರು ಸಾಲಾಗಿ ಕೂತಿದ್ದರು. "ತಪ್ಪಾತೋ ಯಪ್ಪಾ," ಎಂದು ಕೆನ್ನೆ ಬಡಿದುಕೊಂಡು ಭೀಮನನ್ನು ಎತ್ತಿ ಒಲೆಗೆ ಇಟ್ಟ. ಭೀಮ ಇನ್ನೂ ಹಸಿಯಿದ್ದ. ಅವನ ಹೊಗೆ ಅವನ ಕೀರ್ತಿಗೆ ತಕ್ಕಷ್ಟೇ ಎದ್ದಿತು.

"ಗುರುಸಿದ್ಧಾ! ನಿನ್ನ ಬ್ಯಾಂಕಿಗಿ ಬೆಂಕಿ ಹತ್ತೈತೋ!" ರತ್ನಾಬಾಯಿ ಓಣಿಗೆಲ್ಲ ಕೇಳುವಂತೆ ಸಾರಿದಳು.

"ಹಬೀರೀ ಕಾಕು! ಹಬಿ ಅದು!"

"ಹಬಿಗಿ ಸಗಣಿ ವಾಸನಿ ಯಾಕೋ?"

"ಪ್ರೆಶರ್ ಜಾಸ್ತಿ ಆದ್ರ ಹಂಗ ಬರ್ತೈತ್ರಿ!"

ಓಣಿ ತಲೆದೂಗಿತು. ಬಿ.ಎಸ್ಸಿ. ಓದಿದವನ ಮಾತು.

ಕೊನೆಗೆ ಬಚ್ಚಲಿನ ನಳದಿಂದ ಕುದಿನೀರು ಬುಸುಗುಡುತ್ತ ಬಂತು. ಸುಗಲಾಬಾಯಿ ತಂಬಿಗೆ ತುಂಬಿ ಅಣ್ಣನ ತಲೆಗೆ ಸುರಿದಳು. ಅಣ್ಣಾರಾಯ "ಹಾಯ್!" ಎಂದು ಕೂಗಿದ. ಮತ್ತೊಂದು ತಂಬಿಗೆಗೆ "ಶಿವ ಶಿವಾ!" ಎಂದ. ಹೊರಬಂದಾಗ ಸಿಪ್ಪೆ ಸುಲಿದ ಗಜ್ಜರಿಯಂತೆ ಕೆಂಪಗಿದ್ದ. ಮಾಳಿಗೆಯಿಂದ ಇಳಿದು ಬಂದ ಗುರುಸಿದ್ಧನ ಮುಖ ಮಾತ್ರ ಹಂಡೆಯ ತಳದ ಬಣ್ಣಕ್ಕಿತ್ತು.

"ಮಾನಲಾ ದಾಜಿ!" ಅಣ್ಣಾರಾಯ ಬೆನ್ನು ಚಪ್ಪರಿಸಿದ. "ಒಪ್ಪಿದೆ! ಲೈಟ್ ಇಲ್ಲದಾಗ ಇಂಥಾ ನೀರು! ಮತ್ತ ಏನ ಹದಾ ಅಂತೀನಿ! ಚಿಕ್ಕಂದಿನಾಗ ನಮ್ಮವ್ವ ಹಂಡೇದಾಗಿಂದ ಹಾಕ್ತಿದ್ಲಲ್ಲ, ಏಕದಮ್ ಹಂಗ ಐತಿ. ಆ ಹೊಗಿ ವಾಸನಿ ಸುದ್ದಾ ಹಂಗ!"

"ಸೈನ್ಸ್ ಭಾಳ ಮುಂದ ಹೋಗೈತ್ರಿ," ಎಂದ ಗುರುಸಿದ್ಧ ವಿನಯದಿಂದ.

ಸುಗಲಾಬಾಯಿ ಆರತಿ ಎತ್ತಿದಳು. ಅವಳ ಕಣ್ಣಲ್ಲಿ ನೀರಿತ್ತು. ಇಷ್ಟು ದಿನ ಗಂಡನನ್ನು ಆಡಿಕೊಂಡದ್ದಕ್ಕೆ ಪಶ್ಚಾತ್ತಾಪವೋ ಭೀಮನ ಹೊಗೆಯೋ ಹೇಳಲಾಗದು.

"ಅಣ್ಣಾ, ನಾನ ಸುಳ್ಳ ಇವರನ್ನ ಬೈತಿದ್ದೆ. ಲೈಟ್ ಹೋದ್ರೂ ನೀರು ಕಾಯ್ತೈತಿ ಅಂದಮ್ಯಾಲ ಇನ್ನೇನ ಬೇಕು? ಇವತ್ತಿಗೆ ನನಗ ವಿಶ್ವಾಸ ಬಂತು." ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಇನ್ನ ಆ ಹಂಡೆ ಇಟ್ಟುಕೊಂಡು ನಾ ಏನ್ ಮಾಡ್ಲಿ? ನಿನ್ನ ಮಗಳು ಪ್ರಾಜಕ್ತಾನ ಲಗ್ನ ಬಂತು. ಅಪ್ಪನ ಹೆಸರಿಂದು, ಮನಿತನದಾಗ ಇರ್ಲಿ. ಪಿಕಪ್ ತಂದೀಯಲ್ಲ, ಇವತ್ತ ಒಯ್ದಬಿಡು."

"ಅಗದಿ ಛಲೋ ಮಾತು!" ಅಣ್ಣಾರಾಯ ಎದ್ದು ನಿಂತ. "ಆಕಿ ಮುತ್ಯಾನ ಹಂಡೆ ಆಕೀಗೇ. ಏ ಸೋಮೇಶ, ಬಾ ಇಲ್ಲಿ, ಕೈ ಹಚ್ಚು. ಅಟ್ಟದ ಮ್ಯಾಲಿಂದ ಇಳಸೂಣು."

ಬೆಳಗಿನಿಂದ ಯಾವ ಕೆಲಸಕ್ಕೂ ತೋರಿರದ ಚುರುಕಿನಿಂದ ಸೋಮೇಶ ಅಟ್ಟ ಏರಿದ. ಗೋಣಿಚೀಲದ ಗಂಟು ಬಿಚ್ಚುವ ಸದ್ದು ಕೇಳಿತು.

"ಕಾಕು," ಎಂದು ಮೇಲಿನಿಂದ ಮೆಲ್ಲಗೆ ದನಿ ಬಂತು, "ಇಲ್ಲಿ ಪ್ಲಾಸ್ಟಿಕ್ ಡ್ರಮ್ ಐತ್ರಿ. ಸೊಟ್ಟ ಆಗೈತಿ."

ಎಲ್ಲರೂ ಗುರುಸಿದ್ಧನ ಕಡೆ ತಿರುಗಿದರು.

"ಹಂಡೆ ಎಲ್ಲೈತ್ರಿ?" ಸುಗಲಾಬಾಯಿ ಕೇಳಿದಳು. ಆರತಿ ತಟ್ಟೆ ಇನ್ನೂ ಕೈಯಲ್ಲೇ ಇತ್ತು.

ಹತ್ತು ಸುಳ್ಳುಗಳು ಗುರುಸಿದ್ಧನ ಗಂಟಲಿಗೆ ಒಮ್ಮೆಲೇ ಬಂದು ಬಾಗಿಲಲ್ಲಿ ಸಿಕ್ಕಿಕೊಂಡವು. ಅವುಗಳ ಸಂದಿಯಿಂದ ಸತ್ಯ ಜಾರಿ ಹೊರಬಿತ್ತು:

"ಈಗ ಮುಟ್ಟಬ್ಯಾಡ್ರಿ. ಸ್ವಲ್ಪ ಆರಲಿ."

ಸುಗಲಾಬಾಯಿ ತಟ್ಟೆ ಕೆಳಗಿಟ್ಟಳು. ಗಂಡನ ಮಸಿ ಮುಖವನ್ನೊಮ್ಮೆ ನೋಡಿ ಮಾಳಿಗೆಯ ಮೆಟ್ಟಿಲು ಹತ್ತತೊಡಗಿದಳು. ಹಿಂದೆ ಅಣ್ಣಾರಾಯ, ಅವನ ಹಿಂದೆ ಸೋಮೇಶ. ಎದುರು ಮಾಳಿಗೆಯಲ್ಲಿ ರತ್ನಾಬಾಯಿ ಆಗಲೇ ಚಾಪೆ ಹಾಸಿ ಕೂತಿದ್ದಳು.

ಊರಿನಲ್ಲಿ ಜಳಕವಾಗದೆ ಉಳಿದವನು ಗುರುಸಿದ್ಧ ಒಬ್ಬನೇ. ಅವನು ಬಚ್ಚಲಿಗೆ ಹೋಗಿ ಒಳಗಿನಿಂದ ಚಿಲಕ ಹಾಕಿಕೊಂಡು, ಮಸಿ ಹತ್ತಿದ ತಲೆಯನ್ನು ನಳದ ಕೆಳಗೆ ಒಡ್ಡಿದ. ಅಣ್ಣಾರಾಯ ಹಂಡೆಯ ಬಿಸಿನೀರನ್ನೆಲ್ಲ ಖಾಲಿ ಮಾಡಿದ್ದ. ಟಾಕಿಯ ಹಸಿ ತಣ್ಣೀರು ಧೋ ಎಂದು ಸುರಿಯಿತು.

ಅಷ್ಟರಲ್ಲಿ ಊರಿನ ಲೈಟು ಬಂತು. ಆದರೆ ಮಾಳಿಗೆಯ ಮೇಲೆ ಸುಗಲಾಬಾಯಿ ಚಾದರ ಬಿಚ್ಚಿದ್ದಳು, ಕಾಯಿಲ್ಲು ಕಿತ್ತಿದ್ದಳು. ಗುರುಸಿದ್ಧನ ಬಿಸಿಲು ಎಂದಿನಂತೆ ಮೀಟರು ದಾಟಿ, ತಂತಿ ಹತ್ತಿ ಹೊರಟಿತು. ಪಕ್ಕದ ಮನೆಯಲ್ಲಿ, ನೋಡುವವರು ಯಾರೂ ಇಲ್ಲದಿದ್ದರೂ, ಸೋಮೇಶನ ಟಿವಿ ಜೋರಾಗಿ ಹಾಡತೊಡಗಿತು.