ಸುಮ್ಮನಿರುವ ಈರುಳ್ಳಿ

ಬಯಾಲಜಿ ಪ್ರಾಕ್ಟಿಕಲ್ ಅಂಕಗಳು ಬಿಟ್ಟಿ ಸಿಗುತ್ತವೆ ಎಂದು ಎಲ್ಲರೂ ಹೇಳುತ್ತಾರೆ. ಸೀನಿಯರ್‌ಗಳು ಹೇಳುತ್ತಾರೆ, ಟ್ಯೂಷನ್ ಸರ್ ಹೇಳುತ್ತಾರೆ, ಜನ್ಮದಲ್ಲಿ ಬಯಾಲಜಿ ಓದದ ನನ್ನ ಚನ್ನಗಿರಿಯ ಚಿಕ್ಕಮ್ಮ ಕೂಡ ಫೋನಿನಲ್ಲಿ ಹೇಳುತ್ತಾಳೆ. ನಾನು ಒಪ್ಪುವುದಿಲ್ಲ. ಒಪ್ಪದಿರುವುದು ಚರ್ಚಾಸ್ಪರ್ಧೆಗಳಿಂದ ನನಗೆ ಅಂಟಿದ ಕಾಯಿಲೆ. ನ್ಯಾಮತಿಯಲ್ಲಿ ಒಮ್ಮೆ ವಿದ್ಯಾರ್ಥಿಗಳಿಗೆ ಮೊಬೈಲ್ ಬೇಕು ಎಂದು ಬೆಳಿಗ್ಗೆ ಗೆದ್ದು, ಬೇಡ ಎಂದು ಮಧ್ಯಾಹ್ನ ಗೆದ್ದು ಬಂದವಳು ನಾನು. ಆದರೆ ಈ ಸಲ ನನ್ನ ಕಡೆಗೆ ಸಾಕ್ಷಿಯೂ ಇದೆ. ಸಾಕ್ಷಿ ಎಂದರೆ ಈರುಳ್ಳಿ.

ದ್ವಿತೀಯ ಪಿಯುಸಿಯವರು ಈರುಳ್ಳಿ ಬೇರಿನ ತುದಿ ಕತ್ತರಿಸಿ, ಬಣ್ಣ ಹಾಕಿ, ಗಾಜಿನ ಮೇಲೆ ಹೆಬ್ಬೆರಳಿನಿಂದ ಅಮುಕಿ, ಒಂದು ಜೀವಕೋಶ ಎರಡಾಗುವುದನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ನಮ್ಮ ಕಾಲೇಜಿನಲ್ಲಿ ನೋಡುವ ಪದ್ಧತಿ ಇಲ್ಲ. ಪುಸ್ತಕದ ಚಿತ್ರವನ್ನು ರೆಕಾರ್ಡಿಗೆ ಇಳಿಸುವ ಪದ್ಧತಿ ಇದೆ. ನೋಡದೇ ಇದ್ದದ್ದನ್ನು ನೋಡಿದೆ ಎಂದು ಹೇಗೆ ಬರೆಯುವುದು ಎಂದು ತರಗತಿಯಲ್ಲಿ ಎದ್ದು ನಿಂತು ಕೇಳಿದೆ. ಶೈಲಜಾ ಮೇಡಂ ಸಿಟ್ಟಾಗುವವರಲ್ಲ, ಸಿಟ್ಟಾಗಲು ಅವರಿಗೆ ಪುರುಸೊತ್ತೂ ಇಲ್ಲ. ಹಾಗಾದರೆ ನೀನು ನೋಡಿಯೇ ಬರಿ, ಶನಿವಾರದೊಳಗೆ ಆ ಪುಟ ತುಂಬದಿದ್ದರೆ ರೆಕಾರ್ಡಿಗೆ ಸಹಿ ಇಲ್ಲ, ಸಹಿ ಇಲ್ಲದವರು ಪರೀಕ್ಷೆಗೆ ಕೂರುವ ಹಾಗಿಲ್ಲ ಎಂದರು. ಗೆಳತಿಯರು ನನ್ನತ್ತ ನೋಡಿದ ನೋಟದಲ್ಲಿದ್ದದ್ದು ಮರುಕವೋ ಖುಷಿಯೋ, ಇವತ್ತಿಗೂ ತೀರ್ಮಾನವಾಗಿಲ್ಲ.

ಜಗಳೂರಿನಲ್ಲಿ ನಮ್ಮದು ಈರುಳ್ಳಿ ವ್ಯಾಪಾರದ ಮನೆ. ಇವಳಿಗೇನು ಕಷ್ಟ ಎಂದು ನಿಮಗೂ ಅನ್ನಿಸಬಹುದು. ಕಷ್ಟ ಇರುವುದೇ ಅಲ್ಲಿ. ಈರುಳ್ಳಿ ಬೇರು ಬಿಡದಂತೆ ನೋಡಿಕೊಳ್ಳುವುದೇ ಅಪ್ಪಾಜಿಯ ಕಸುಬು. ಸೊಕ್ಕೆ ಕಡೆಯಿಂದ ಬಂದ ಮಾಲನ್ನು ಹರಡಿ, ಒಣಗಿಸಿ, ಗಾಳಿಯಾಡಿಸಿ, ಮೋಡ ಕವಿದರೆ ಸಾಕು, ಮಗುವಿಗೆ ಹೊದಿಸಿದಂತೆ ತಾಡಪಾಲು ಹೊದಿಸುತ್ತಾರೆ. ಅಂಥ ಮನೆಯ ಬೀದಿ ಕಡೆಯ ಕಿಟಕಿಯಲ್ಲಿ ನಾನು ಸಾಲಾಗಿ ಲೋಟಗಳನ್ನಿಟ್ಟು, ನೀರು ತುಂಬಿ, ಒಂದೊಂದರ ಬಾಯಿಗೆ ಒಂದೊಂದು ಈರುಳ್ಳಿ ಕೂರಿಸಿದೆ. ಕಾಫಿಗೆ ಲೋಟವಿಲ್ಲದೆ ಅವ್ವ ಬಟ್ಟಲಲ್ಲಿ ಕುಡಿಯುತ್ತಾ ನನ್ನ ವಿದ್ಯೆಯನ್ನು ಹರಸುತ್ತಿದ್ದಳು. ಕೊನೆಗೂ ಬೆಳ್ಳಗೆ, ಅಜ್ಜನ ಗಡ್ಡದ ಹಾಗೆ ಬೇರು ಇಳಿದವು.

ಬೇರು ಕಂಡ ದಿನವೇ ಹೊನ್ನಾಳಿಯಿಂದ ಮಾಲು ನೋಡಲು ಇನಾಯತ್ ಸಾಬರು ಬರಬೇಕೇ? ವರ್ಷಗಳಿಂದ ನಮ್ಮಲ್ಲೇ ಕೊಳ್ಳುವವರು. ಚೀಲ ಬಿಚ್ಚುವ ಮೊದಲೇ ಅವರ ಕಣ್ಣು ಕಿಟಕಿಗೆ ಬಿತ್ತು.

“ಏನ್ ಸಾವ್ಕಾರ್ರೇ, ಈ ಸಲ ಈರುಳ್ಳಿ ಮಾರಾಕೋ, ನಾಟಿ ಮಾಡಾಕೋ?”

ಅಪ್ಪಾಜಿ, ಹುಡುಗಿಯ ಓದಿಗೆ ಬೇಕಂತೆ ಎಂದು ಏನೇನೋ ತೊದಲಿದರು.

“ಓದೋ ಈರುಳ್ಳಿ ನಮಗ್ಯಾಕ್ರೀ? ಸುಮ್ಮನಿರೋ ಈರುಳ್ಳಿ ಕೊಡ್ರಿ” ಎಂದು ಸಾಬರು ನಕ್ಕರು. ಮಾಲು ಕೊಂಡರು, ನಿಜ. ಆದರೆ ಪ್ರತಿ ಚೀಲದ ತಳದವರೆಗೂ ಕೈ ಹಾಕಿ ನೋಡಿ ಕೊಂಡರು. ಇಷ್ಟು ವರ್ಷ ಹಾಗೆ ನೋಡಿದವರಲ್ಲ.

ನಾನು ಕಾಲೇಜಿಗೆ ಹೋಗಿ ಬರುವಷ್ಟರಲ್ಲಿ ಲೋಟಗಳು ತೊಳೆಸಿಕೊಂಡು ಬೋರಲು ಬಿದ್ದಿದ್ದವು. ಈರುಳ್ಳಿಗಳು ನುಣ್ಣಗೆ ಬೇರು ಬೋಳಿಸಿಕೊಂಡು ಮಾಡಿನ ಕೆಳಗೆ ಒಣಗುತ್ತಿದ್ದವು. ನಾನು ವಾದಕ್ಕಿಳಿದೆ. ಬೇರು ಬಿಟ್ಟ ಈರುಳ್ಳಿ ಕೆಟ್ಟದ್ದಲ್ಲ, ಅದು ಬದುಕಿರುವುದಕ್ಕೆ ಗುರುತು ಎಂದು ಆರಂಭಿಸಿ, ವಿಷಯ ಮಂಡಿಸಿ, ಎದುರು ಪಕ್ಷದ ಅಂಶಗಳನ್ನು ಖಂಡಿಸಿ, ಉಪಸಂಹಾರಕ್ಕೆ ಬಂದೆ. ಅಪ್ಪಾಜಿ ಪೂರ್ತಿ ಕೇಳಿದರು.

“ಆಯ್ತವ್ವ, ಬದುಕೈತೆ. ಬದುಕಿರೋದನ್ನ ಯಾರು ತಗಂತಾರೆ?”

ಚರ್ಚಾಸ್ಪರ್ಧೆಯಲ್ಲಾದರೆ ಇಂಥದ್ದಕ್ಕೆ ಗಂಟೆ ಬಾರಿಸಿ ಕೂರಿಸುತ್ತಾರೆ. ಮನೆಯಲ್ಲಿ ಗಂಟೆ ಇರುವುದು ದೇವರ ಗೂಡಿನಲ್ಲಿ ಮಾತ್ರ. ನನಗೂ ಸುಸ್ತಾಗಿತ್ತು. ಪುಸ್ತಕದ ಚಿತ್ರ ಚೆನ್ನಾಗಿಯೇ ಇದೆ, ಬರೆದುಬಿಡೋಣ ಎನ್ನಿಸಿತು. ಅಷ್ಟರಲ್ಲಿ ಅವ್ವ ಅಡುಗೆಮನೆಯ ಬುಟ್ಟಿಯ ತಳದಲ್ಲಿ ತೇವಕ್ಕೆ ತಾನಾಗಿಯೇ ಬೇರು ಬಿಟ್ಟಿದ್ದ ಒಂದು ಸೊಟ್ಟ ಈರುಳ್ಳಿಯನ್ನು ತಂದು ನನ್ನ ಮುಂದಿಟ್ಟಳು.

“ತಗಾ, ನಿನ್ನಂಗೇ ಐತೆ. ಯಾರು ಬ್ಯಾಡ ಅಂದ್ರೂ ಕೇಳಿಲ್ಲ.”

ಶನಿವಾರ ಅದರ ಬೇರಿನ ತುದಿಗಳನ್ನು ಲ್ಯಾಬಿನಲ್ಲಿ ಕತ್ತರಿಸಿ, ಆಮ್ಲದಲ್ಲಿ ಬೆಚ್ಚಗೆ ಮಾಡಿ, ಬಣ್ಣ ಹಾಕಿ, ಹೆಬ್ಬೆರಳು ನೋಯುವಷ್ಟು ಅಮುಕಿದೆ. ಕಣ್ಣಿಟ್ಟು ನೋಡಿದರೆ ಬೀಟ್‌ರೂಟ್ ಪಲ್ಯ. ತಿರುಪು ತಿರುವಿದೆ, ಕಪ್ಪು ಅಂಚಿನ ದುಂಡನೆಯದೊಂದು ಕಂಡು ಪೆನ್ಸಿಲ್ಲು ಕೈಗೆತ್ತಿಕೊಂಡೆ. ಗಾಳಿಯ ಗುಳ್ಳೆ. ಇನ್ನೂ ತಿರುವಿದೆ; ಉದ್ದನೆಯ ಎಳೆಗಳು ಅಲುಗಿದವು. ನನ್ನದೇ ರೆಪ್ಪೆ. ಅಷ್ಟರಲ್ಲಿ ಶೈಲಜಾ ಮೇಡಂ ಕಂಕುಳಲ್ಲಿ ಇಡೀ ತರಗತಿಯ ರೆಕಾರ್ಡು ಹೊತ್ತುಕೊಂಡೇ ಬಂದು, ಬಗ್ಗಿ, ಒಂದು ಕ್ಷಣ ಕಣ್ಣಿಟ್ಟರು.

“ಹೂಂ, ಬಂದೈತೆ ನೋಡು. ಕೋಶ ಚೆನ್ನಾಗಿ ಒಡೆದೈತೆ. ಬರಿ ಈಗ.”

ಗೆಳತಿಯರು ಸಾಲು ನಿಂತು ನೋಡಿದರು. ಒಬ್ಬೊಬ್ಬರಿಗೂ ಕಂಡಿತು. ಒಬ್ಬಳಿಗಂತೂ ಎರಡೆರಡು ಕಂಡವು. ನಾನು ಮತ್ತೆ ನೋಡಿದೆ. ಪಲ್ಯ ಪಲ್ಯವಾಗಿಯೇ ಇತ್ತು. ಪಕ್ಕದಲ್ಲಿ ಖಾಲಿ ಪುಟ, ಚೂಪು ಮಾಡಿದ ಪೆನ್ಸಿಲ್ಲು, ತೆರೆದಿದ್ದ ಪಠ್ಯಪುಸ್ತಕ. ಸಹಿಗೆ ಪೆನ್ನಿನ ಟೋಪಿ ತೆಗೆದು ಮೇಡಂ ಕಾಯುತ್ತಿದ್ದರು. ಜೀವನದಲ್ಲಿ ಮೊದಲ ಬಾರಿಗೆ ಒಂದು ಚರ್ಚೆಯನ್ನು ಎದುರು ಪಕ್ಷದವರೇ ನನಗೆ ಗೆಲ್ಲಿಸಿಕೊಟ್ಟಿದ್ದರು. ಸುಮ್ಮನೆ ತಲೆಯಾಡಿಸಿದ್ದರೆ ಮುಗಿಯುತ್ತಿತ್ತು. ಬಾಯಿ ಕೇಳಬೇಕಲ್ಲ.

“ಮೇಡಂ, ನಿಮಗೆ ನಿಜವಾಗ್ಲೂ ಕಂಡಿತಾ, ಇಲ್ಲ ನಾನು ಸುಮ್ಮನಿರ್ಲಿ ಅಂತ ಹೇಳಿದ್ರಾ?”