‘ಖಿಡಕಿ ತಗೀರಿ’ ಹಾಡಿನ ಕಾಲನಿರ್ಣಯ

ದಿನಾಂಕವೊಂದು ಕಣ್ಣಿಗೆ ಬಿದ್ದರೆ ಅದನ್ನು ನಂಬದಿರುವುದು ನನಗೆ ಅಂಟಿದ ಚಟ. ಕೆಲವರಿಗೆ ನಶ್ಯ, ಕೆಲವರಿಗೆ ಎಲೆ-ಅಡಿಕೆ. ನನಗೆ ಹಳೆಯ ಪಂಚಾಂಗ. ವೃತ್ತಿಯಲ್ಲಿದ್ದಾಗ ಶಾಸನಗಳ ಕಾಲನಿರ್ಣಯ ಮಾಡುತ್ತಿದ್ದೆ. ನಿವೃತ್ತನಾದ ಮೇಲೆ ಕಲ್ಲುಗಳು ನನ್ನನ್ನು ಬಿಟ್ಟವು, ಚಟ ಬಿಡಲಿಲ್ಲ. ಲಗ್ನಪತ್ರಿಕೆ ಬಂದರೆ ವಧೂವರರ ಹೆಸರನ್ನು ಓದುವ ಮೊದಲು ತಿಥಿಗೂ ವಾರಕ್ಕೂ ಹೊಂದುತ್ತದೆಯೇ ಎಂದು ನೋಡುತ್ತೇನೆ. ಹಾವೇರಿಯ ನಮ್ಮ ಓಣಿಯಲ್ಲೇ ಒಬ್ಬರ ಪತ್ರಿಕೆಯಲ್ಲಿ ಹೀಗೊಂದು ದೋಷ ಕಂಡುಹಿಡಿದು, ಅಕ್ಷತೆಯ ಹೊತ್ತಿಗೆ ಬೀಗರ ಸಮ್ಮುಖದಲ್ಲಿ ಪ್ರಕಟಿಸಿದೆ. ನನ್ನ ನಿರ್ಣಯ ಸರಿಯಾಗಿಯೇ ಇತ್ತು. ಆದರೂ ಅವರು ಎರಡನೆಯ ಮಗಳ ಲಗ್ನಕ್ಕೆ ನಮ್ಮನ್ನು ಕರೆಯಲಿಲ್ಲ. “ಅಡಗಿ ಭಾಳ ಛಲೋ ಇತ್ತಂತ,” ಎಂದು ನನ್ನ ಹೆಂಡತಿ ಸುಶೀಲಾ ಇಂದಿಗೂ ನಿಟ್ಟುಸಿರು ಬಿಡುತ್ತಾಳೆ.

ಇಂಥವನ ಮನೆಗೆ ರಾಕ್ ಸಂಗೀತ ಪ್ರವೇಶಿಸಿದ್ದು ನನ್ನ ಅಣ್ಣನ ಮಗಳು ಶೈಲಾಳ ಮೂಲಕ. ಅವಳು ಹಾವೇರಿಯ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಾಳೆ. ಶಾಲೆ ಬಿಟ್ಟ ಮೇಲೆ ‘ಘಾಟು’ ಎಂಬ ಬ್ಯಾಂಡಿನಲ್ಲಿ ಹಾಡುತ್ತಾಳೆ. ಡ್ರಮ್ ಬಾರಿಸುವ ಬಸವರಾಜ ಬ್ಯಾಡಗಿಯವನು, ಒಣಮೆಣಸಿನಕಾಯಿ ವ್ಯಾಪಾರಿಗಳ ಮಗ. ಗಿಟಾರ್ ನುಡಿಸುವ ಈರಣ್ಣನದು ರಾಣೆಬೆನ್ನೂರಿನಲ್ಲಿ ಬೀಜದ ಅಂಗಡಿ. ಈ ಮೂವರೂ ಸೇರಿ ‘ಖಿಡಕಿ ತಗೀರಿ’ ಎಂಬ ಹಾಡೊಂದನ್ನು ಕಟ್ಟಿ, ಧ್ವನಿಮುದ್ರಿಸಿ, ಅದರ ಬಿಡುಗಡೆಗೆಂದು ರಾಣೆಬೆನ್ನೂರಿನ ಕಾಲೇಜೊಂದರ ಸಭಾಂಗಣವನ್ನೂ ಗೊತ್ತು ಮಾಡಿದ್ದರು. ಸಿನಿಮಾ ಇಲ್ಲದೆ, ಆಲ್ಬಮ್ ಇಲ್ಲದೆ ಒಂದೇ ಹಾಡು ಒಂಟಿಯಾಗಿ ಲೋಕಕ್ಕೆ ಬಂದರೆ ಅದನ್ನು ‘ಸಿಂಗಲ್’ ಎನ್ನುತ್ತಾರೆಂದು ನನಗೆ ತಿಳಿದದ್ದೂ ಆಗಲೇ.

“ಕಾಕಾ, ಇಂಟರ್ನೆಟ್ಟಿನ್ಯಾಗ ಹಾಡಿನ ಕೆಳಗ ಹಾಕಾಕ ಒಂದ್ ನಾಕ್ ಸಾಲು ಬರದು ಕೊಡ್ರಿ,” ಎಂದಳು ಶೈಲಾ. “ಹಾಡು ಹೆಂಗ ಹುಟ್ಟಿತು ಅಂತ. ಅಷ್ಟ ಸಾಕು.”

“ನಾಕು ಸಾಲಿಗೆ ನಾಕು ಆಧಾರ ಬೇಕಾಗ್ತಾವ ನೋಡವಾ,” ಎಂದೆ. ಅವಳು ನಕ್ಕಳು. ನಾನು ತಮಾಷೆಗೆ ಹೇಳಿರಲಿಲ್ಲ.

ಮೊದಲ ಸಾಕ್ಷಿಯಾಗಿ ಬಸವರಾಜನಿಗೆ ಫೋನ್ ಮಾಡಿದೆ. “ಹುಟ್ಟಿದ್ದು ನಮ್ಮ ಗೋದಾಮಿನ್ಯಾಗ್ರಿ ಸರ್. ಆಳುಗೋಳು ಮೆಣಸಿನಕಾಯಿ ಚೀಲ ಸುರುವಿದ್ರು, ಘಾಟು ಎದ್ದಿತು, ನಾ ‘ಖಿಡಕಿ ತಗೀರಿ’ ಅಂತ ಒದರಿದೆ. ಮುಗೀತಲ್ರಿ, ಹಾಡು ಅಲ್ಲೇ ಆತು!” ಕಾಲ ಯಾವುದೆಂದರೆ, “ಸುಗ್ಗ್ಯಾಗ್ರಿ,” ಎಂದ. ಈರಣ್ಣ ಇದನ್ನು ಅರ್ಧ ಮಾತ್ರ ಒಪ್ಪಿದ. “ಅಂವ ಒದರಿದ್ದು ಖರೇರಿ. ಅಂವ ದಿನಾ ಒದರ್ತಾನ. ಆದ್ರ ರಾಗ ಬಂದಿದ್ದು ನಮ್ಮ ಅಂಗಡಿ ಅಟ್ಟದ ಮ್ಯಾಲ. ಕರೆಂಟ್ ಹೋಗಿ ಫ್ಯಾನ್ ನಿಂತಿತ್ತು. ಸುಗ್ಗಿ ಅಲ್ರಿ, ಮುಂಗಾರಿ ಬೀಜ ಇನ್ನೂ ಬಂದಿದ್ದಿಲ್ಲ, ಕಡು ಬ್ಯಾಸಗಿ.” ಶೈಲಾ ಇಬ್ಬರದನ್ನೂ ಒಪ್ಪಲಿಲ್ಲ. “ಸಿಟ್ಟು ಮಾಡ್ಕೋಬ್ಯಾಡ್ರಿ ಕಾಕಾ. ಅದು ಮಳಿಗಾಲದಾಗ ನಿಮ್ಮ ಓದೋ ಖೋಲಿ ಖಿಡಕಿ ನೋಡಿ ಬರದಿದ್ದು. ಹಾಳಿ ಹಾರ್ತಾವಂತ ಎಂದೂ ತಗ್ಯಂಗಿಲ್ಲಲ್ಲ, ಅದು.”

ಇಲ್ಲಿ ನನ್ನ ನಿಷ್ಪಕ್ಷಪಾತ ಕೊಂಚ ಅಲುಗಾಡಿತೆಂಬುದನ್ನು ಮರೆಮಾಚಲಾರೆ. ರಾಕ್ ಹಾಡೊಂದಕ್ಕೆ ಸ್ಫೂರ್ತಿಯಾದ ಕಿಟಕಿ ತನ್ನ ಮನೆಯದೆಂದರೆ ಯಾರಿಗೆ ತಾನೆ ಹೆಮ್ಮೆಯಾಗದು? ಆದರೆ ಒಂದೇ ಹಾಡಿಗೆ ಮೂರು ಊರು, ಮೂರು ಋತು! ಕೂಡಲೇ ಮೂವರ ಹೇಳಿಕೆಗಳನ್ನೂ ಮೂವರಿಗೂ ಕಳುಹಿಸಿ, ಪರಸ್ಪರ ವಿರೋಧಗಳಿಗೆ ಸಮಾಧಾನ ನೀಡಬೇಕೆಂದು ವಿನಂತಿಸಿದೆ. ವಿದ್ವತ್ ಲೋಕದಲ್ಲಿ ಇದು ಸಾಮಾನ್ಯ ಶಿಷ್ಟಾಚಾರ. ವಿದ್ವಾಂಸರು ಇಂಥ ಪತ್ರಕ್ಕೆ ಉತ್ತರಿಸಲು ವರ್ಷಗಟ್ಟಲೆ ತೆಗೆದುಕೊಳ್ಳುತ್ತಾರೆ. ಅಷ್ಟರಲ್ಲಿ ಕೋಪವೂ ಆರಿರುತ್ತದೆ. ಇವರು ಮಧ್ಯಾಹ್ನದ ಊಟಕ್ಕೆ ಮೊದಲೇ ಮಾತು ಬಿಟ್ಟರು.

ಸಂಜೆ ಶೈಲಾ ಬಂದವಳು ಚಪ್ಪಲಿಯನ್ನೂ ಕಳಚದೆ ಹೊಸ್ತಿಲಲ್ಲೇ ನಿಂತಳು. “ಈರಣ್ಣ, ‘ನನ್ನ ಗಿಟಾರ್ ತಗದು ಬಿಡುಗಡೆ ಮಾಡ್ಕೋರಿ’ ಅಂದಾನ. ಬಸು, ‘ತಗೀರಿ, ಹಾಡು ಹಗುರ ಆಗ್ತೈತಿ’ ಅಂದಾನ. ಇಷ್ಟು ದಿನ ಹಾಡು ಯಾರದಂತ ಯಾರೂ ಕೇಳಿದ್ದಿಲ್ಲ ಕಾಕಾ, ನೀವು ಕೇಳಿದ್ರಿ. ಮುಂದಿನ ತಿಂಗಳ ಬಿಡುಗಡೆ ಐತಿ, ಊರೆಲ್ಲ ಹೇಳೀನಿ. ನನಗ ನಿಮ್ಮ ನಾಕು ಸಾಲು ಬ್ಯಾಡ, ನನ್ನ ಬ್ಯಾಂಡ್ ವಾಪಸ್ ಕೊಡ್ರಿ.”

ಒಳಗಿನಿಂದ ಸುಶೀಲಾಳ ತೀರ್ಪು ಬಂತು. “ಕಲ್ಲು ಮಾತಾಡಂಗಿಲ್ಲಂತ ಇಷ್ಟು ವರ್ಷ ಪಾರಾದ್ರಿ. ಇವು ಜೀವ ಇರೋ ಹುಡುಗ್ರು. ಹೋಗಿ ಕೂಡಿಸಿ ಬರ್ರಿ. ಬ್ಯಾಡ, ಒಬ್ರ ಹೋಗಬ್ಯಾಡ್ರಿ, ನಾನೂ ಬರ್ತೀನಿ.”

ನನಗೆ ಗೊತ್ತಿದ್ದ ಉಪಾಯ ಒಂದೇ: ಸ್ಥಳ ಪರಿಶೀಲನೆ. ಎಲ್ಲರನ್ನೂ ಬ್ಯಾಡಗಿಯ ಗೋದಾಮಿಗೆ ಕರೆದೆ. ತಾನು ಹೋಗದಿದ್ದರೆ ಇನ್ನೊಬ್ಬನ ಸಾಕ್ಷ್ಯವೇ ಉಳಿದುಬಿಡುತ್ತದೆ ಎಂಬ ಭಯಕ್ಕೆ ಇಬ್ಬರೂ ತಪ್ಪದೆ ಬಂದರು. ಚೀಲಗಳ ಸಾಲಿನ ನಡುವೆ ಡ್ರಮ್, ಆ ಕಡೆ ಈರಣ್ಣ ಗೋಡೆಗೆ ಮುಖ ಮಾಡಿ, ಈ ಕಡೆ ಸುಶೀಲಾ ಚುರುಮುರಿ ಡಬ್ಬಿಯೊಂದಿಗೆ. ಪ್ರತಿಯೊಬ್ಬರೂ ಹಾಡಿನ ಮೂಲಪಾಠವನ್ನು ಪ್ರತ್ಯೇಕವಾಗಿ ಪ್ರಸ್ತುತಪಡಿಸತಕ್ಕದ್ದು, ಸಾಕ್ಷ್ಯವೆಲ್ಲ ಧ್ವನಿಮುದ್ರಣವಾಗತಕ್ಕದ್ದು ಎಂದು ವಿಧಿಸಿ, ಅವರ ರೆಕಾರ್ಡರನ್ನು ಚಾಲೂ ಮಾಡಿಸಿದೆ.

ಬಸವರಾಜ ಬಾರಿಸಿದ. ಈರಣ್ಣ, “ಇಷ್ಟು ಅವಸರ ಎಲ್ಲಿತ್ತಲೇ? ಬಸ್ ಹೊಂಟೈತೇನು?” ಎಂದು ತಾನು ನಿಧಾನವಾಗಿ ನುಡಿಸಿ ತೋರಿಸಿದ. “ಅದು ಹಾಡಲ್ಲ, ತೊಟ್ಲದಾಗ ಹಾಕಿ ತೂಗೂದು,” ಎಂದು ಬಸವರಾಜ ಅದರ ಮೇಲೆಯೇ ಬಾರಿಸತೊಡಗಿದ. ಇಬ್ಬರನ್ನೂ ತಿದ್ದಲು ಶೈಲಾ ದನಿ ಎತ್ತಿದಳು. ಮೂರು ಪಾಠಗಳೂ ಕಲಸಿಹೋಗುವುದನ್ನು ಕಂಡು ನಾನು, “ಒಬ್ಬೊಬ್ಬರಾಗಿ! ಮೊದಲು ದಿನಾಂಕ ಹೇಳ್ರಿ!” ಎಂದು ಕೂಗಿದೆ. ಅಷ್ಟರಲ್ಲಿ ಡ್ರಮ್ಮಿನ ಅದುರುವಿಕೆಗೆ ಚೀಲಗಳಿಂದ ಎದ್ದ ಕೆಂಪು ಧೂಳು ನನ್ನ ಮೂಗು ಸೇರಿತ್ತು. ಸೀನಿದೆ. ಮತ್ತೆ ಸೀನಿದೆ. ಬಸವರಾಜನ ಕಣ್ಣು ಹೊಳೆಯಿತು. ಮೂರನೆಯ ಸೀನಿಗೆ ಸರಿಯಾಗಿ ಅವನ ಪೆಟ್ಟು ಬಿತ್ತು. ಈರಣ್ಣ ಗೋಡೆ ಬಿಟ್ಟು ಈ ಕಡೆ ತಿರುಗಿದ. ಹೊರಗೆ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದ ಹೆಂಗಸರು ಬಾಗಿಲಿಗೆ ಬಂದು ನಿಂತರು. ಅವರಲ್ಲೊಬ್ಬಾಕೆ, “ಅಜ್ಜಾರ, ಸೀನಕೋತ ಏನ್ ನಿಂತೀರಿ, ಖಿಡಕಿ ತಗೀರಿ!” ಎಂದಳು. ಹೋಗಿ ತೆಗೆದೆ. ಗಾಳಿ ನುಗ್ಗಿತು, ಹಾಡೂ ನುಗ್ಗಿತು. ಆಮೇಲೆ ನಾನು ಕುಣಿದೆನೆಂದು ಸುಶೀಲಾ ಹೇಳುತ್ತಾಳೆ. ಅದಕ್ಕೆ ಬೇರೆ ಆಧಾರವಿಲ್ಲ.

ಹಾಡು ನಿಂತಾಗ ಬಸವರಾಜನೂ ಈರಣ್ಣನೂ ಕಣ್ಣೀರು ಒರೆಸಿಕೊಳ್ಳುತ್ತಿದ್ದರು. ಮೆಣಸಿನಕಾಯಿಯದೇ ಇರಬೇಕು.

“ಲೇ ಈರ್‍ಯಾ, ಮೊದಲ ರೆಕಾರ್ಡ್ ಮಾಡಿದ್ದು ಇದರ ಮುಂದ ಸಪ್ಪನ್ನ ಸಾರು.”

“ನಿನ್ನ ಬಾಯಾಗ ಇವತ್ತರ ಖರೇ ಬಂತಲ್ಲೋ ಮಾರಾಯಾ. ಆ ಚುರುಮುರಿ ಕೊಡ್ರಿ ಕಾಕು, ಹಸಿವ್ಯಾಗೈತಿ.”

ಹೀಗೆ ಹಳೆಯ ಧ್ವನಿಮುದ್ರಣ ಮೂಲೆ ಸೇರಿತು. ಗೋದಾಮಿನ ‘ಸಾಕ್ಷ್ಯ’ವೇ ನನ್ನ ಕೂಗು, ಸೀನುಗಳ ಸಮೇತ ಬಿಡುಗಡೆಗೆ ಸಿದ್ಧವಾಯಿತು. ಬಿಡುಗಡೆಯ ದಿನ ರಾಣೆಬೆನ್ನೂರಿನ ಸಭಾಂಗಣ ತುಂಬಿತ್ತು. ಹಾಡನ್ನು ಎರಡನೆಯ ಸಲ ಹಾಕುವಷ್ಟರಲ್ಲಿ ವಿದ್ಯಾರ್ಥಿಗಳು “ದಿನಾಂಕ ಹೇಳ್ರಿ!” ಎಂದು ಒಕ್ಕೊರಲಿನಿಂದ ಕೂಗಿ, ತಾಳಬದ್ಧವಾಗಿ ಸೀನುತ್ತಿದ್ದರು. ಶೈಲಾಳ ಮುಖದಲ್ಲಿ ಅಂಥ ಬೆಳಕನ್ನು ನಾನು ಕಂಡಿರಲಿಲ್ಲ. ಆಗ ನಿರೂಪಕಿ ಮೈಕನ್ನು ನನ್ನ ಕೈಗಿತ್ತು, “ಸರ್, ಈ ಹಾಡು ಹುಟ್ಟಿದ್ದನ್ನ ನೀವು ಕಣ್ಣಾರೆ ನೋಡೀರಿ. ಯಾವ ದಿವಸ ಅದು?” ಎಂದು ಕೇಳಿದಳು.

“ಗುರುವಾರ,” ಎಂದೆ, ಗಂಭೀರವಾಗಿ.

“ಸೋಮವಾರ್ರೀ!” ಮುಂದಿನ ಸಾಲಿನಿಂದ ಸುಶೀಲಾ. “ಪ್ಯಾಟಿ ದಿನ. ಬಸ್ಸಿನ್ಯಾಗ ಕುಂದ್ರಾಕ ಜಾಗಾ ಸಿಕ್ಕಿದ್ದಿಲ್ಲ.”

“ಎರಡೂ ಅಲ್ರಿ,” ಎಂದ ವೇದಿಕೆಯ ಮೇಲಿದ್ದ ಬಸವರಾಜ. “ಸೋಮವಾರ, ಗುರುವಾರ ಎರಡೂ ದಿನ ಬ್ಯಾಡಗ್ಯಾಗ ಮೆಣಸಿನಕಾಯಿ ಪ್ಯಾಟಿ ಇರ್ತೈತಿ. ಪ್ಯಾಟಿ ದಿನ ನಮ್ಮಪ್ಪ ಗೋದಾಮಿನ ಕೀಲಿ ಕೊಡಂಗೇ ಇಲ್ಲ.”

ಸಭೆ ಚಪ್ಪಾಳೆ ತಟ್ಟಿತು. ಜೀವಮಾನದಲ್ಲಿ ಒಂದೇ ಒಂದು ಕೃತಿಯ ಜನ್ಮಕ್ಕೆ ಪ್ರತ್ಯಕ್ಷ ಸಾಕ್ಷಿಯಾಗಿದ್ದೆ; ಅಂದು ಯಾವ ವಾರವೆಂದು ನೋಡಿರಲಿಲ್ಲ. ರೆಕಾರ್ಡರಿನ ಮೊರೆ ಹೋದೆ. ಅದರ ಗಡಿಯಾರವನ್ನು ಯಾರೂ ಎಂದೂ ಹೊಂದಿಸಿರಲಿಲ್ಲವಾಗಿ, ಅದರ ಪ್ರಕಾರ ಹಾಡು ಮುದ್ರಿತವಾದದ್ದು ಶೈಲಾ ಹುಟ್ಟುವುದಕ್ಕೂ ಮೊದಲು.

ಕೊನೆಗೆ ಹಾಡಿನ ಕೆಳಗೆ ಹಾಕುವ ಆ ನಾಲ್ಕು ಸಾಲುಗಳನ್ನು ಶೈಲಾಳೇ ಬರೆದಳು. ಗಾಯನ, ಗಿಟಾರ್, ಡ್ರಮ್ಸ್ ಎಂದು ಮೂವರ ಹೆಸರುಗಳು. ಅವುಗಳ ಕೆಳಗೆ, ‘ಸೀನು: ನಮ್ಮ ಕಾಕಾ’. ನನ್ನ ಹೆಸರಿರುವ ಪ್ರಕಟಣೆಗಳು ಕಪಾಟು ತುಂಬ ಇವೆ, ಎಲ್ಲಕ್ಕೂ ತಿದ್ದೋಲೆ ಅಂಟಿಸಿದ್ದೇನೆ. ಈ ಒಂದು ಸಾಲನ್ನು ಮಾತ್ರ ಎಷ್ಟು ಪರಿಶೀಲಿಸಿದರೂ ತಪ್ಪು ಸಿಗುತ್ತಿಲ್ಲ.